ಒಂದೇ ಡಿಸ್ಕಲ್ಲಿ ವಿಂಡೋಸೂ ಲಿನಕ್ಸೂ: ಪಾರ್ಟಿಶನ್ ಬಗ್ಗೆ ಓದುಗರು ಕೇಳಿದ್ದು

ಪ್ರಶ್ನೆ: ನಮಸ್ತೆ ಸಾರ್, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ, ಊರು ಸಕಲೇಶಪುರದ ಹತ್ರ. ಲ್ಯಾಪ್‌ಟಾಪ್‌ನಲ್ಲಿ 512 ಜಿಬಿ ಎಸ್‌ಎಸ್‌ಡಿ ಇದೆ, ವಿಂಡೋಸ್ 11. ಸಿ ಡ್ರೈವ್ 300 ಜಿಬಿ, ಅದರಲ್ಲಿ 120 ತುಂಬಿದೆ, ಡಿ ಡ್ರೈವ್ 175 ಜಿಬಿ. ಡಿ ಒಳಗೆ ಅಪ್ಪನ ತೋಟದ ಲೆಕ್ಕ, ಕಾಫಿ ಮೆಣಸಿನ ಬಿಲ್ಲು, ಪಹಣಿ ಸ್ಕ್ಯಾನ್ ಮಾಡಿದ್ದು ಎಲ್ಲಾ ಇದೆ. ಲ್ಯಾಬ್ ಕೆಲಸಕ್ಕೆ ಉಬುಂಟು ಅನ್ನೋ ಲಿನಕ್ಸ್ ಬೇಕು. ಎಷ್ಟು ಜಾಗ ಬಿಡ್ಬೇಕು, ಎಲ್ಲಿಂದ ತೆಗೀಬೇಕು? 100 ಎಂಬಿದೊಂದು, 700 ಎಂಬಿ ಚಿಲ್ಲರೆದೊಂದು ಸಣ್ಣ ಪಾರ್ಟಿಶನ್ (ಡಿಸ್ಕಿನ ಭಾಗ) ಸುಮ್ನೆ ಬಿದ್ದಿವೆ, ಅವನ್ನ ಡಿಲೀಟ್ ಮಾಡ್ಬಹುದಾ? ಹಾಸ್ಟೆಲ್ ಫ್ರೆಂಡು ಎರೇಸ್ ಡಿಸ್ಕ್ ಕೊಡು, ಆಮೇಲೆ ವಿಂಡೋಸ್ ಹಾಕ್ಕೊಂಡ್ರಾಯ್ತು ಅಂತಿದಾನೆ.

ಉತ್ತರ: ಎರೇಸ್ ಡಿಸ್ಕ್ ಮಾತ್ರ ಒತ್ಬೇಡಿ. ಅದು ಸಿ ಒಂದನ್ನೇ ಅಳಿಸತ್ತೆ, ಡಿ ಉಳಿಯತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಹಾಗಲ್ಲ, ಸಿ ಡಿ ಎರಡೂ ಇರೋದು ಒಂದೇ ಎಸ್‌ಎಸ್‌ಡಿ ಮೇಲೆ, ಎರೇಸ್ ಡಿಸ್ಕ್ ಅಂದ್ರೆ ಇಡೀ ಡಿಸ್ಕು, ಅಪ್ಪನ ಲೆಕ್ಕನೂ ಹೋಗತ್ತೆ. ಅದೇ ಕಾರಣಕ್ಕೆ ಡಿ ಡ್ರೈವ್‌ಗೆ ಕಾಪಿ ಮಾಡಿಟ್ಟಿದೀನಿ ಅನ್ನೋದು ಬ್ಯಾಕಪ್ ಅಲ್ಲ. ಮೊದ್ಲು ಒಂದು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೋ ಆ ಫೈಲುಗಳನ್ನೆಲ್ಲ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ಚುಚ್ಚಿ ಓಪನ್ ಆಗ್ತಾವಾ ನೋಡಿ, ಆಮೇಲೆ ಮುಂದಿನ ಮಾತು. ಬಿಲ್ಲು ಪಹಣಿ ಎಲ್ಲಾ ಸೇರಿದ್ರೂ ಕೆಲವು ಜಿಬಿ ಆಗ್ಬಹುದು ಅಷ್ಟೆ, ಇದಕ್ಕೆ ಸೋಮಾರಿತನ ಬೇಡ.

ಎರಡನೇದು ಬಿಟ್‌ಲಾಕರ್, ಅಂದ್ರೆ ಡಿಸ್ಕಲ್ಲಿರೋ ಡೇಟಾಗೆ ವಿಂಡೋಸ್ ಹಾಕೋ ಬೀಗ. ವಿಂಡೋಸ್ 11 ಹೋಮ್ ಎಡಿಶನ್‌ನಲ್ಲೂ ಡಿವೈಸ್ ಎನ್‌ಕ್ರಿಪ್ಶನ್ ಅನ್ನೋ ಹೆಸರಲ್ಲಿ ಇದು ನಿಮಗೇ ಗೊತ್ತಿಲ್ದೆ ಆನ್ ಆಗಿರ್ಬಹುದು, 24ಎಚ್2 ವರ್ಶನ್ ಬಂದ ಮೇಲಂತೂ ಹೊಸದಾಗಿ ಸೆಟಪ್ ಆದ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ. ಬೂಟ್ ಆಗೋ ರೀತಿ ಬದಲಾದ ತಕ್ಷಣ ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳತ್ತೆ, ಕೀ ಇಲ್ಲ ಅಂದ್ರೆ ಡೇಟಾ ಇಲ್ಲ, ಯಾವ ಸರ್ವೀಸ್ ಅಂಗಡಿಗೆ ತಗೊಂಡು ಹೋದ್ರೂ ತೆಗೆಯೋಕಾಗಲ್ಲ. ನನ್ನ ಹತ್ರ ಕಣ್ಣಲ್ಲಿ ನೀರು ಹಾಕ್ಕೊಂಡು ಬರೋ ಹುಡುಗ್ರಲ್ಲಿ ಸುಮಾರು ಜನದ ಕಥೆ ಇದೇ, ಪಾರ್ಟಿಶನ್ ಎಲ್ಲಾ ಸರಿಯಾಗೇ ಮಾಡಿರ್ತಾರೆ, ಕೀ ಬರೆದಿಟ್ಟಿರಲ್ಲ. ಲ್ಯಾಪ್‌ಟಾಪ್ ಸೆಟಪ್ ಮಾಡೋವಾಗ ಯಾವ ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟಿದ್ರೋ ಅದರಲ್ಲಿ ಸಾಮಾನ್ಯವಾಗಿ ಕೀ ಸಿಗತ್ತೆ (ಅಂಗಡಿಯವರು ಸೆಟಪ್ ಮಾಡಿ ಕೊಟ್ಟಿದ್ರೆ ಯಾರ ಅಕೌಂಟ್ ಹಾಕಿದಾರೆ ಅಂತ ಈಗ್ಲೇ ಕೇಳಿ), ಅದನ್ನ ಪೇಪರ್ ಮೇಲೆ ಬರ್ಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಡಿವೈಸ್ ಎನ್‌ಕ್ರಿಪ್ಶನ್‌ಗೆ ಹೋಗಿ ಆಫ್ ಮಾಡಿ, ಡಿಕ್ರಿಪ್ಟ್, ಅಂದ್ರೆ ಆ ಬೀಗ ತೆಗೆಯೋದು, ಪೂರ್ತಿ ಮುಗಿಯೋವರೆಗೂ ಕಾಯಿರಿ, ಮಧ್ಯದಲ್ಲಿ ಮುಂದಿನ ಕೆಲಸ ಶುರು ಮಾಡ್ಬೇಡಿ.

ಈಗ ಆ ಸಣ್ಣ ಪಾರ್ಟಿಶನ್‌ಗಳು. 100 ಎಂಬಿದು ಇಎಫ್‌ಐ ಸಿಸ್ಟಂ ಪಾರ್ಟಿಶನ್, ಫ್ಯಾಟ್32 ಫಾರ್ಮ್ಯಾಟ್‌ನಲ್ಲಿರತ್ತೆ, ಕಂಪ್ಯೂಟರ್ ಆನ್ ಆದಾಗ ವಿಂಡೋಸ್ ಶುರು ಮಾಡೋ ಫೈಲು ಇರೋದು ಅಲ್ಲೇ. ನಾಳೆ ಉಬುಂಟುನ ಗ್ರಬ್ (ಆನ್ ಮಾಡಿದಾಗ ವಿಂಡೋಸಾ ಉಬುಂಟುನಾ ಅಂತ ಕೇಳೋ ಪ್ರೋಗ್ರಾಂ) ಕೂತ್ಕೊಳೋದೂ ಅಲ್ಲೇ, ಅದರ ಪಕ್ಕದಲ್ಲೇ ಬೇರೆ ಫೋಲ್ಡರ್ ಮಾಡ್ಕೊಂಡು. ಉಬುಂಟು, ಮಿಂಟ್‌ನಂಥ ಲಿನಕ್ಸ್‌ಗಳು ಅಲ್ಲಿ ಕೆಲವೇ ಎಂಬಿ ಜಾಗ ತಗೊಳ್ತವೆ, ಹಂಗಾಗಿ 100 ಸಾಕು, ದೊಡ್ಡದು ಮಾಡೋಕೆ ಹೋಗ್ಬೇಡಿ. 700 ಎಂಬಿ ಚಿಲ್ಲರೆದು ವಿಂಡೋಸ್ ಕೆಟ್ಟಾಗ ರಿಪೇರಿಗೆ ಬೇಕಾಗೋ ರಿಕವರಿ ಪಾರ್ಟಿಶನ್. ಇವೆರಡರ ಜೊತೆ 16 ಎಂಬಿದು ಇನ್ನೊಂದು ಇರತ್ತೆ, ಮೈಕ್ರೋಸಾಫ್ಟ್ ರಿಸರ್ವ್ಡ್ ಅಂತ, ಅದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣೋದೇ ಇಲ್ಲ, ಉಬುಂಟು ಇನ್‌ಸ್ಟಾಲರ್‌ನಲ್ಲಿ ಕಾಣತ್ತೆ, ನೋಡಿ ಗಾಬರಿ ಆಗ್ಬೇಡಿ. ಮೂರೂ ಡಿಲೀಟ್ ಮಾಡಿದ್ರೂ ನಿಮಗೆ ಸಿಗೋದು ಒಂದು ಜಿಬಿಯೂ ಇಲ್ಲ, ಹೋಗೋದು ವಿಂಡೋಸ್ ಬೂಟ್ ಆಗೋ ದಾರಿ. ಕೈ ಹಚ್ಚಲೇಬೇಡಿ.

ಜಾಗ ಎಲ್ಲಿಂದ ತೆಗೀಬೇಕು ಅಂದ್ರಲ್ಲ, ಸಿ ಇಂದ ತೆಗೀರಿ. 300 ರಲ್ಲಿ 100 ತೆಗೆದ್ರೂ ಸಿ ಗೆ 200 ಉಳಿಯತ್ತೆ, ತುಂಬಿರೋದು 120, ಅಪ್ಡೇಟ್‌ಗಳಿಗೆ ಇನ್ನೂ 80 ಖಾಲಿ ಇರತ್ತೆ. ಉಬುಂಟು ಡೆಸ್ಕ್‌ಟಾಪ್‌ಗೆ ಕನಿಷ್ಠ 25 ಜಿಬಿ ಅಂತ ಹೇಳ್ತಾರೆ, ಆದ್ರೆ ಅಷ್ಟರಲ್ಲಿ ಕಂಪೈಲರ್, ಡಾಕರ್, ಪೈಥಾನ್ ಲೈಬ್ರರಿ ಅಂತ ಹಾಕ್ತಾ ಹೋದ್ರೆ ಒಂದು ಸೆಮಿಸ್ಟರ್‌ಗೆ ಉಸಿರು ಕಟ್ಟತ್ತೆ, ಆಮೇಲೆ ದೊಡ್ಡದು ಮಾಡೋ ಕೆಲಸ ಇದೆಯಲ್ಲ ಅದು ಮೊದಲ್ನೇ ಸಲಕ್ಕಿಂತ ರಿಸ್ಕು. ಡಿ ಮುಟ್ಟೋ ಅವಶ್ಯಕತೆನೇ ಇಲ್ಲ, ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್, ಲಿನಕ್ಸ್ ಅದನ್ನ ಓದತ್ತೆ ಬರೆಯತ್ತೆ, ಹಂಗೇ ಎರಡಕ್ಕೂ ಕಾಮನ್ ಆಗಿ ಇಟ್ಕೊಳ್ಳಿ. 512 ಅಂತ ತಗೊಂಡಿದ್ದು ವಿಂಡೋಸ್‌ನಲ್ಲಿ 476 ತೋರಿಸೋದು ನೋಡಿ ಯಾರೋ ಜಾಗ ಬಚ್ಚಿಟ್ಟಿದಾರೆ ಅಂತ ಹುಡುಕ್ಬೇಡಿ, ಕಂಪನಿಯವರು ಸಾವಿರದ ಲೆಕ್ಕದಲ್ಲಿ ಹೇಳ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸತ್ತೆ.

ಒಂದು ಹಾಳೆ ತಗೊಂಡು ಈಗಿರೋ ಪಾರ್ಟಿಶನ್‌ಗಳನ್ನ ಸೈಜ್ ಸಮೇತ ಸಾಲಾಗಿ ಬರೀರಿ, ಪಕ್ಕದಲ್ಲಿ ಆಮೇಲೆ ಹೆಂಗಿರ್ಬೇಕು ಅಂತನೂ ಬರೀರಿ. ಜಮೀನು ಪೋಡಿ ಮಾಡ್ಸೋವಾಗ ಸ್ಕೆಚ್ ಇಲ್ದೆ ಯಾರೂ ಕಲ್ಲು ನೆಡಲ್ಲ ಅಲ್ವಾ, ಇದೂ ಹಾಗೇ. ಇನ್‌ಸ್ಟಾಲರ್‌ನಲ್ಲಿ ಸಿ ಡಿ ಅನ್ನೋ ಹೆಸರೇ ಇರಲ್ಲ, ಎನ್‌ವಿಎಂಇ ಅಂತ ಶುರುವಾಗಿ ಪಿ1 ಪಿ2 ಪಿ3 ಅಂತ ಬರತ್ತೆ, ಆಗ ಸೈಜ್ ನೋಡಿನೇ ಗುರುತು ಹಿಡೀಬೇಕು.

ಸಿ ಡ್ರೈವ್ ಚಿಕ್ಕದು ಮಾಡೋದನ್ನ ವಿಂಡೋಸ್ ಕೈಲೇ ಮಾಡ್ಸಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ, ಅದರ ಫೈಲು ಎಲ್ಲೆಲ್ಲಿದೆ ಅಂತ ಅದಕ್ಕೇ ಚೆನ್ನಾಗಿ ಗೊತ್ತು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಸಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಅಲ್ಲಿ ಎಂಬಿ ಲೆಕ್ಕದಲ್ಲಿ ಕೇಳತ್ತೆ, 100 ಜಿಬಿಗೆ 102400 ಅಂತ ಹಾಕಿ. ಆಗಿ ಬಂದ ಜಾಗಕ್ಕೆ ಕಪ್ಪು ಪಟ್ಟಿ ಬಂದು ಅನ್‌ಅಲೊಕೇಟೆಡ್ ಅಂತ ತೋರಿಸತ್ತೆ, ಅಷ್ಟಕ್ಕೇ ನಿಲ್ಲಿಸಿ, ಅದನ್ನ ಫಾರ್ಮ್ಯಾಟ್ ಮಾಡಿ ಇ ಡ್ರೈವ್ ಮಾಡೋಕೆ ಹೋಗ್ಬೇಡಿ. ಆ ಜಾಗ ಸಿ ಡಿ ಮಧ್ಯದಲ್ಲಿರತ್ತೆ, ಕೊನೇಲೇ ಇರ್ಬೇಕು ಅಂತೇನಿಲ್ಲ, ಲಿನಕ್ಸ್‌ಗೆ ಮಧ್ಯದಲ್ಲಿದ್ರೂ ನಡಿಯತ್ತೆ.

180 ಜಿಬಿ ಖಾಲಿ ಇದ್ರೂ ಶ್ರಿಂಕ್ ಮಾಡೋಕೆ ಹತ್ತಿಪ್ಪತ್ತೇ ಜಿಬಿ ಸಿಗತ್ತೆ ಅಂತ ಕೆಲವ್ರಿಗೆ ಬರತ್ತೆ, ಅಲ್ಲೇ ಜನ ತಾಳ್ಮೆ ಕಳ್ಕೊಂಡು ಸಿಕ್ಕಿದ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡೋದು. ಕಾರಣ ಇಷ್ಟೆ, ಪೇಜ್ ಫೈಲು, ಹೈಬರ್ನೇಶನ್ ಫೈಲು, ಸಿಸ್ಟಂ ರಿಸ್ಟೋರ್‌ನ ಕಾಪಿಗಳು ಇವೆಲ್ಲ ಡ್ರೈವ್ ನಡುವೆ ಎಲ್ಲೋ ಕೂತಿರ್ತವೆ, ವಿಂಡೋಸ್ ಓಡ್ತಿರೋವಾಗ ಅವನ್ನ ಸರಿಸೋಕಾಗಲ್ಲ, ಅವಿರೋ ಜಾಗದ ತನಕ ಮಾತ್ರ ಚಿಕ್ಕದು ಮಾಡೋಕಾಗತ್ತೆ. ಸಿಸ್ಟಂ ಪ್ರೊಟೆಕ್ಷನ್ ಮತ್ತೆ ವರ್ಚುವಲ್ ಮೆಮರಿ ಎರಡನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ಹೈಬರ್ನೇಶನ್ನೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ, ಸಾಮಾನ್ಯವಾಗಿ ಜಾಸ್ತಿ ಸಿಗತ್ತೆ. ಶ್ರಿಂಕ್ ಆದ ಮೇಲೆ ಮೊದಲೆರಡನ್ನ ವಾಪಸ್ ಆನ್ ಮಾಡೋದು ಮರೀಬೇಡಿ.

ಫಾಸ್ಟ್ ಸ್ಟಾರ್ಟಪ್ ಮಾತ್ರ ಕಾಯಂ ಆಫ್ ಇರ್ಲಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್ ಒಳಗೆ ಪವರ್ ಬಟನ್ ಏನು ಮಾಡ್ಬೇಕು ಅನ್ನೋ ಕಡೆ ಆ ಟಿಕ್ ಇರತ್ತೆ. ಅದು ಆನ್ ಇದ್ರೆ ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಆಫ್ ಆಗಲ್ಲ, ಅರ್ಧ ಹೈಬರ್ನೇಟ್ ಆಗಿ ಡ್ರೈವ್‌ಗಳನ್ನ ಇನ್ನೂ ತನ್ನ ಹಿಡಿತದಲ್ಲೇ ಇಟ್ಕೊಂಡಿರತ್ತೆ. ಆಗ ಲಿನಕ್ಸ್‌ನಲ್ಲಿ ಡಿ ಓಪನ್ ಮಾಡಿದ್ರೆ ಓದೋಕೆ ಮಾತ್ರ ಬಿಡತ್ತೆ, ಇಲ್ಲಾ ಮೌಂಟೇ ಆಗಲ್ಲ, ಅಂದ್ರೆ ತೆರೆಯೋದೇ ಇಲ್ಲ, ಹಠ ಮಾಡಿ ಬರೆದ್ರೆ ಫೈಲು ಹಾಳು. ಅಪ್ಪನ ಲೆಕ್ಕ ಇರೋದು ಡಿ ನಲ್ಲೇ ಅನ್ನೋದು ನೆನಪಿರ್ಲಿ.

ಇನ್‌ಸ್ಟಾಲ್‌ಗೆ ಬರೋಣ. ಸೀನಿಯರ್ ಹತ್ರ ಇರೋ ಹಳೇ ಪೆನ್‌ಡ್ರೈವ್ ಬೇಡ, ಹೊಸ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲು) ಇಳಿಸ್ಕೊಳ್ಳಿ. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್ಡೇಟ್ ಆದ ಮೇಲೆ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬೂಟ್ ಆಗೋಕೆ ಬಿಡೋ ವ್ಯವಸ್ಥೆ) ಆನ್ ಇರೋ ಸುಮಾರು ಮಷೀನ್‌ಗಳಲ್ಲಿ ಹಳೇ ಲಿನಕ್ಸ್ ಬೂಟ್ ಆಗೋದೇ ನಿಂತೋಯ್ತು. ಮ್ಯಾನ್ಯುಯಲ್ ಇನ್‌ಸ್ಟಾಲೇಶನ್ ಆರಿಸಿ, 100 ಜಿಬಿ ಫ್ರೀ ಸ್ಪೇಸ್ ಆರಿಸಿ, ಅಲ್ಲಿ ಒಂದೇ ಒಂದು ಪಾರ್ಟಿಶನ್ ಮಾಡಿ, ಲಿನಕ್ಸ್‌ನ ಇಎಕ್ಸ್‌ಟಿ4 ಫಾರ್ಮ್ಯಾಟ್, ಮೌಂಟ್ ಪಾಯಿಂಟ್‌ಗೆ ಬರೀ ಸ್ಲ್ಯಾಶ್, ಅಂದ್ರೆ ರೂಟ್. ಹೋಮ್‌ಗೆ (ನಿಮ್ಮ ಸ್ವಂತ ಫೈಲು ಇರೋ ಜಾಗ) ಬೇರೆ ಪಾರ್ಟಿಶನ್ ಮಾಡಿ ಅಂತ ಬಹಳ ಜನ ಹೇಳ್ತಾರೆ, ದೊಡ್ಡ ಡಿಸ್ಕ್ ಇದ್ರೆ ಒಳ್ಳೇದೇ, ಆದ್ರೆ 100 ಜಿಬಿಯನ್ನ ಎರಡು ಮಾಡಿದ್ರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬೀಳತ್ತೆ, ನಿಮಗೆ ಬೇಡ. ಸ್ವಾಪ್ (ರ‍್ಯಾಮ್ ತುಂಬಿದಾಗ ಬಳಸೋ ಜಾಗ) ಪಾರ್ಟಿಶನ್ನೂ ಬೇಡ, ಉಬುಂಟು 17.04 ಇಂದ ಸ್ವಾಪ್‌ಗೆ ಫೈಲನ್ನೇ ಮಾಡ್ಕೊಳತ್ತೆ. ಇಎಫ್‌ಐ ಪಾರ್ಟಿಶನ್‌ಗೆ ಫಾರ್ಮ್ಯಾಟ್ ಟಿಕ್ ಬಿದ್ದಿಲ್ಲ ಅಂತ ಎರಡು ಸಲ ನೋಡಿ. ಕೊನೇಲಿ ಏನೇನು ಬದಲಾಗತ್ತೆ ಅಂತ ಪಟ್ಟಿ ತೋರಿಸತ್ತೆ, ನಿಮ್ಮ ಹಾಳೆ ಪಕ್ಕದಲ್ಲಿಟ್ಟು ಹೋಲಿಸಿ, ಹೊಸ ಇಎಕ್ಸ್‌ಟಿ4 ಒಂದು ಬಿಟ್ಟು ಬೇರೆ ಯಾವುದಕ್ಕಾದ್ರೂ ಫಾರ್ಮ್ಯಾಟ್ ಅಂತ ಇದ್ರೆ ಹಿಂದೆ ಹೋಗಿ. ಇನ್‌ಸ್ಟಾಲ್ ಬಟನ್ ಒತ್ತೋವರೆಗೂ ಡಿಸ್ಕ್ ಮೇಲೆ ಏನೂ ಬರೆದಿರಲ್ಲ.

ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣ್ತಿಲ್ಲ ಅಂದ್ರೆ ಅದು ಇಂಟೆಲ್‌ನ ಆರ್‌ಎಸ್‌ಟಿ ಮೋಡ್ (ಡಿಸ್ಕನ್ನ ನಡೆಸೋ ಒಂದು ರೀತಿ) ಇರ್ಬಹುದು. ಸೀದಾ ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗೋವಾಗಿನ ಸೆಟ್ಟಿಂಗ್ಸ್) ಹೋಗಿ ಎಎಚ್‌ಸಿಐ ಅನ್ನೋ ಸಾಮಾನ್ಯ ಮೋಡ್‌ಗೆ ಬದಲಾಯಿಸಿದ್ರೆ ವಿಂಡೋಸ್ ನೀಲಿ ಸ್ಕ್ರೀನ್ ಕೊಡತ್ತೆ. ಮೊದ್ಲು ವಿಂಡೋಸ್‌ನ ಸಿಸ್ಟಂ ಕಾನ್ಫಿಗರೇಶನ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗೋವಾಗ ಬಯೋಸ್‌ನಲ್ಲಿ ಎಎಚ್‌ಸಿಐ ಮಾಡಿ, ಒಂದ್ಸಲ ಸೇಫ್ ಮೋಡ್‌ಗೆ ಹೋಗಿ ಬಂದು ಟಿಕ್ ತೆಗೀರಿ. ಪಿನ್ ಜೊತೆ ಪಾಸ್‌ವರ್ಡೂ ನೆನಪಿರ್ಲಿ, ಸೇಫ್ ಮೋಡ್‌ನಲ್ಲಿ ಪಾಸ್‌ವರ್ಡೇ ಕೇಳ್ಬಹುದು.

ಪ್ರಶ್ನೆ: ಕೊಪ್ಪದಿಂದ ಬರೀತಿದೀನಿ. ಅಡಿಕೆ ವ್ಯಾಪಾರದ ಆಫೀಸಲ್ಲಿ ಹಳೇ ಡೆಸ್ಕ್‌ಟಾಪ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಟ್ಯಾಲಿ ಇದರಲ್ಲೇ ಇದೆ. ವಿಂಡೋಸ್ 11 ಹಾಕೋಕಾಗಲ್ಲ ಅಂತಿದೆ, ಇಂಟರ್‌ನೆಟ್ ಕೆಲಸಕ್ಕೆ ಲಿನಕ್ಸ್ ಮಿಂಟ್ ಹಾಕೋಣ ಅಂತ ಇ ಡ್ರೈವ್ ಇಂದ 150 ಜಿಬಿ ಬಿಡಿಸಿದೆ. ಮಿಂಟ್‌ನಲ್ಲಿ ಅದು ಅನ್‌ಯೂಸಬಲ್ ಅಂತ ಬರತ್ತೆ. ವಿಂಡೋಸ್‌ನಲ್ಲಿ ಪಾರ್ಟಿಶನ್ ಮಾಡೋಕೆ ಹೋದ್ರೆ ಡೈನಾಮಿಕ್ ಡಿಸ್ಕ್ ಮಾಡ್ಲಾ ಅಂತ ಕೇಳತ್ತೆ. ಯೆಸ್ ಕೊಡ್ಲಾ?

ಉತ್ತರ: ಕೊಡ್ಬೇಡಿ ಸ್ವಾಮಿ. ಡೈನಾಮಿಕ್ ಅನ್ನೋದು ವಿಂಡೋಸ್‌ನ ಬೇರೆ ಥರದ ಡಿಸ್ಕ್ ವ್ಯವಸ್ಥೆ, ಒಂದ್ಸಲ ಹಾಗಾದ್ರೆ ಇದ್ದ ಡೇಟಾ ಇಟ್ಕೊಂಡು ವಾಪಸ್ ಬೇಸಿಕ್, ಅಂದ್ರೆ ಮಾಮೂಲಿ ಡಿಸ್ಕ್ ಮಾಡೋಕೆ ವಿಂಡೋಸ್‌ನಲ್ಲಿ ದಾರಿ ಇಲ್ಲ, ಲಿನಕ್ಸ್ ಇನ್‌ಸ್ಟಾಲರ್‌ಗೂ ಅಂಥ ಡಿಸ್ಕ್ ತಲೆನೋವು.

ನಿಮ್ಮದು ಎಂಬಿಆರ್ ಅನ್ನೋ ಹಳೇ ಪದ್ಧತಿ ಡಿಸ್ಕು. ಅದರ ಪಟ್ಟಿಯಲ್ಲಿ ನಾಲ್ಕೇ ನಾಲ್ಕು ಪ್ರೈಮರಿ ಪಾರ್ಟಿಶನ್‌ಗೆ ಜಾಗ, ನಿಮ್ಮಲ್ಲಿ ಸಿಸ್ಟಂ ರಿಸರ್ವ್ಡ್, ಸಿ, ಡಿ, ಇ ಅಂತ ನಾಲ್ಕೂ ತುಂಬಿರ್ಬೇಕು, ಅದಕ್ಕೇ 150 ಜಿಬಿ ಖಾಲಿ ಇದ್ರೂ ಐದನೇದಕ್ಕೆ ಹೆಸರು ಬರೆಯೋಕೆ ಸಾಲು ಇಲ್ಲ. ಮೇಲಿನ ಪ್ರಶ್ನೆಯ ಹುಡುಗನ ಲ್ಯಾಪ್‌ಟಾಪ್ ಜಿಪಿಟಿ ಅನ್ನೋ ಹೊಸ ಪದ್ಧತಿದು, ವಿಂಡೋಸ್ ಅದರಲ್ಲಿ 128 ಪಾರ್ಟಿಶನ್ ತನಕ ಬಿಡತ್ತೆ, ಹಾಗಾಗಿ ಈ ಕಾಟ ಇಲ್ಲ. ನಿಮ್ಮ ಡಿಸ್ಕನ್ನ ಜಿಪಿಟಿ ಮಾಡೋಕೆ ಮೈಕ್ರೋಸಾಫ್ಟ್‌ದೇ ಎಂಬಿಆರ್2ಜಿಪಿಟಿ ಅಂತ ಟೂಲ್ ಇದೆ, ಆದ್ರೆ ಅದು ಮೂರಕ್ಕಿಂತ ಜಾಸ್ತಿ ಪ್ರೈಮರಿ ಇದ್ರೆ ಒಪ್ಪಲ್ಲ.

ಇದೇ ಡಿಸ್ಕಲ್ಲಿ ಮಾಡ್ಲೇಬೇಕು ಅಂದ್ರೆ ಇ ನಲ್ಲಿರೋದನ್ನ ಪೂರ್ತಿ ಹೊರಗೆ ಕಾಪಿ ಮಾಡಿ, ಇ ಡಿಲೀಟ್ ಮಾಡಿ, ಆ ಜಾಗಕ್ಕೆಲ್ಲ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಶನ್ ಮಾಡಿ, ಅದರೊಳಗೆ ಲಾಜಿಕಲ್ ಅಂತ ಎಷ್ಟು ಬೇಕೋ ಮಾಡ್ಕೋಬಹುದು, ಮಿಂಟ್ ಲಾಜಿಕಲ್ ಪಾರ್ಟಿಶನ್ ಮೇಲೆ ಆರಾಮಾಗಿ ಓಡತ್ತೆ. ಆದ್ರೆ ನಾನಾದ್ರೆ ಇದನ್ನ ಮಾಡಲ್ಲ. ನಿಮ್ಮದು ವ್ಯಾಪಾರದ ಮಷೀನು, ಕೊಪ್ಪದ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗತ್ತೆ ಅಂತ ನಿಮಗೆ ನಾನು ಹೇಳ್ಬೇಕಿಲ್ಲ, ಪಾರ್ಟಿಶನ್ ಸೈಜ್ ಬದಲಾಗ್ತಿರೋವಾಗ ಡೆಸ್ಕ್‌ಟಾಪ್ ದಪ್ ಅಂತ ಆಫ್ ಆದ್ರೆ ಟ್ಯಾಲಿ ಡೇಟಾಗೆ ಯಾರು ಹೊಣೆ? ಒಂದು ಸಣ್ಣ ಸಾಟಾ ಎಸ್‌ಎಸ್‌ಡಿ ತಗೊಳ್ಳಿ, 240 ಜಿಬಿ ಧಾರಾಳ. ಮಷೀನ್ ಆಫ್ ಮಾಡಿ ಪ್ಲಗ್ ತೆಗೆದು ಹಳೇ ಹಾರ್ಡ್ ಡಿಸ್ಕ್‌ನ ಕೇಬಲ್ ಬಿಚ್ಚಿ, ಎಸ್‌ಎಸ್‌ಡಿ ಒಂದನ್ನೇ ಹಾಕಿ ಮಿಂಟ್ ಇನ್‌ಸ್ಟಾಲ್ ಮಾಡಿ. ಇಲ್ಲಿ ಎರೇಸ್ ಡಿಸ್ಕ್ ಧೈರ್ಯವಾಗಿ ಕೊಡ್ಬಹುದು, ಅಳಿಸೋಕೆ ಬೇರೆ ಡಿಸ್ಕೇ ಇರಲ್ಲ. ಆದ ಮೇಲೆ ಹಳೇ ಕೇಬಲ್ ವಾಪಸ್ ಹಾಕಿ, ಆನ್ ಮಾಡೋವಾಗ ಬೂಟ್ ಮೆನು ಕೀ ಒತ್ತಿ ಯಾವುದು ಬೇಕೋ ಆರಿಸ್ಕೊಳ್ಳಿ. ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ, ಹಾಗಾಗಿ ಬ್ಯಾಂಕಿಂಗ್, ಮೇಲ್ ಎಲ್ಲಾ ಮಿಂಟ್‌ನಲ್ಲಿ ಮಾಡಿ, ವಿಂಡೋಸ್ ಕಡೆ ಟ್ಯಾಲಿಗೆ ಮಾತ್ರ ಹೋಗಿ ಅನ್ನೋ ನಿಮ್ಮ ಯೋಚನೆ ಸರಿಯಾಗೇ ಇದೆ.

ಪ್ರಶ್ನೆ: ಬೇಲೂರಿನಿಂದ. ಉಬುಂಟು ಹಾಕಿದ ಮೇಲೆ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗತ್ತೆ. ಮದರ್‌ಬೋರ್ಡ್ ಸೆಲ್ ಹೋಗಿದೆ ಅಂತ ಬದಲಾಯಿಸಿದ್ರು, ಆದ್ರೂ ಅದೇ. ಇನ್ನೊಂದು, ಉಬುಂಟು ಬೇಡ ಅನ್ಸಿದ್ರೆ ಅದರ ಪಾರ್ಟಿಶನ್ ಡಿಲೀಟ್ ಮಾಡಿದ್ರೆ ಸಾಕಾ?

ಉತ್ತರ: ಸೆಲ್ ಸರಿಯಾಗಿದೆ. ಬೋರ್ಡ್ ಮೇಲಿರೋ ಗಡಿಯಾರದಲ್ಲಿ ಇರೋದು ನಮ್ಮ ಟೈಮ್ ಅಂತ ವಿಂಡೋಸ್ ನಂಬತ್ತೆ, ಅದರಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಟೈಮ್) ಇರ್ಬೇಕು ಅಂತ ಲಿನಕ್ಸ್ ಅಲ್ಲಿ ಯುಟಿಸಿ ಬರೆದಿಡತ್ತೆ, ಭಾರತಕ್ಕೂ ಯುಟಿಸಿಗೂ ಇರೋ ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ. ಬೆಳಿಗ್ಗೆ 10ಕ್ಕೆ ವಿಂಡೋಸ್ ಆನ್ ಮಾಡಿದ್ರೆ 4:30 ತೋರಿಸತ್ತೆ. ಉಬುಂಟು ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಕಮಾಂಡ್‌ಗೆ ಸೆಟ್-ಲೋಕಲ್-ಆರ್‌ಟಿಸಿ 1 ಅಂತ ಸೇರಿಸಿ (timedatectl set-local-rtc 1) ಓಡ್ಸಿದ್ರೆ ಲಿನಕ್ಸೂ ಲೋಕಲ್ ಟೈಮಿಗೆ ಬರತ್ತೆ. ಬೇಸಿಗೆಗೊಂದು ಚಳಿಗೊಂದು ಟೈಮ್ ಬದಲಾಯಿಸೋ ದೇಶಗಳಲ್ಲಿ ಇದರಿಂದ ಗೊಂದಲ ಆಗತ್ತೆ, ನಮ್ಮಲ್ಲಿ ಆ ಪದ್ಧತಿ ಇಲ್ಲ, ತೊಂದರೆ ಇಲ್ಲ.

ತೆಗೆಯೋ ವಿಷಯ, ಸೀದಾ ಡಿಲೀಟ್ ಮಾಡ್ಬೇಡಿ. ಗ್ರಬ್‌ಗೆ ಬೇಕಾದ ಫೈಲುಗಳು ಅದೇ ಪಾರ್ಟಿಶನ್‌ನಲ್ಲಿರ್ತವೆ, ಅದು ಹೋದ್ರೆ ಆನ್ ಮಾಡಿದ ತಕ್ಷಣ ಬರೀ ಗ್ರಬ್ ಅಂತ ಕಪ್ಪು ಸ್ಕ್ರೀನ್ ಬಂದು ನಿಲ್ಲತ್ತೆ. ಮೊದ್ಲು ಬಯೋಸ್‌ನ ಬೂಟ್ ಆರ್ಡರ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಕ್ಕೆ ತನ್ನಿ, ಒಂದೆರಡು ಸಲ ವಿಂಡೋಸ್‌ಗೆ ನೇರವಾಗಿ ಹೋಗ್ತಿದೆಯಾ ನೋಡಿ, ಉಬುಂಟುನಲ್ಲಿರೋ ನಿಮ್ಮ ಫೈಲು ಹೊರಗೆ ತೆಗೀರಿ, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇಎಕ್ಸ್‌ಟಿ4 ಪಾರ್ಟಿಶನ್ ಡಿಲೀಟ್ ಮಾಡಿ. ಆ ಜಾಗ ಸಿ ಪಕ್ಕದಲ್ಲೇ, ಬಲಗಡೆ ಇದ್ರೆ ಎಕ್ಸ್‌ಟೆಂಡ್ ವಾಲ್ಯೂಮ್ ಕೊಟ್ಟು ಸೇರಿಸ್ಕೋಬಹುದು, ಮಧ್ಯದಲ್ಲಿ ರಿಕವರಿ ಪಾರ್ಟಿಶನ್ ಕೂತಿದ್ರೆ ಎಕ್ಸ್‌ಟೆಂಡ್ ಆಗಲ್ಲ, ಆಗ ಅದನ್ನ ಸರಿಸೋ ಸಾಹಸ ಬೇಡ, ಹೊಸ ಡ್ರೈವ್ ಮಾಡಿ ಫೋಟೋ ವಿಡಿಯೋ ಇಟ್ಕೊಳ್ಳಿ.