ಎಕ್ಸಿಬಿಟ್ ಎ ಖಾಲಿ ಬಿಡಬೇಡ

ತಮ್ಮಾ,

‘ಅಣ್ಣಾ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಬಂದು ನಾಲ್ಕು ದಿನ ಆಯ್ತು, ಸೋಮವಾರ ಕೆಲಸಕ್ಕೆ ಸೇರಬೇಕು. ಕೆಲಸ ಅಟ್-ವಿಲ್ ಅಂತ ಆಫರ್ ಲೆಟರ್‌ನಲ್ಲಿದೆ. ಬೆಂಗಳೂರಿನಲ್ಲಿ 90 ದಿನ ನೋಟಿಸ್ ಇತ್ತು, ಇಲ್ಲಿ ಒಂದು ದಿನವೂ ಇಲ್ಲ. ಇದನ್ನ ಸ್ವಾತಂತ್ರ್ಯ ಅನ್ನಬೇಕಾ, ಭಯಪಡಬೇಕಾ? ನನ್ನ ಕನ್ನಡ ಕೀಬೋರ್ಡ್ ಆ್ಯಪ್ ಮುಂದುವರಿಸಬಹುದಾ? ಉಳಿತಾಯ ಎಷ್ಟಿರಬೇಕು? ಮನೆ, ಕಾರು, ಅಡುಗೆ ಸಾಮಾನು ಹೇಗೆ?’ ಅಂತ ಕೇಳಿದ್ದೀಯ.

ಕೊನೆಯದನ್ನು ಮೊದಲು ಮುಗಿಸಿಬಿಡುತ್ತೇನೆ. ಅಕ್ಕಿ, ಬೇಳೆ, ಕರಿಬೇವು, ಬೀನ್ಸು ಎಲ್ಲ ಸಿಗುತ್ತೆ. ಸಾರಿನ ಪುಡಿ ಮಾತ್ರ ಅಮ್ಮನ ಕೈದೇ ತರಿಸಿಕೋ. ಕಾರು ಮೊದಲ ತಿಂಗಳು ಬೇಡ. ಮನೆ ಒಂದು ವರ್ಷದ ಲೀಸ್‌ಗೆ ತಗೊಳ್ಳುವ ಮುಂಚೆ, ನಡುವೆ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ ಕಟ್ಟಬೇಕು ಅನ್ನೋ ಷರತ್ತನ್ನು ಓದು. ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಆ್ಯಪ್‌ನ ಉತ್ತರ ಇರೋದು ಸೋಮವಾರ ನೀನು ಸಹಿ ಹಾಕುವ ಕಾಗದದ ಎಕ್ಸಿಬಿಟ್ ಎ ಅನ್ನೋ ಹಾಳೆಯಲ್ಲಿ, ಅದಕ್ಕೆ ಆಮೇಲೆ ಬರುತ್ತೇನೆ.

ಅಟ್-ವಿಲ್ ಅಂದರೆ ನಿನ್ನ ಕಂಪನಿಯೇ ಕಂಡುಹಿಡಿದ ಷರತ್ತಲ್ಲ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2922ನೇ ಕಲಮು ಅದು: ಅವಧಿ ಗೊತ್ತುಮಾಡದ ಕೆಲಸವನ್ನು ಇಬ್ಬರಲ್ಲಿ ಯಾರು ಬೇಕಾದರೂ ತಿಳಿಸಿ ನಿಲ್ಲಿಸಬಹುದು. ಮೊಂಟಾನಾ ಒಂದನ್ನು ಬಿಟ್ಟರೆ ಈ ದೇಶದ ಎಲ್ಲ ರಾಜ್ಯಗಳಲ್ಲೂ ಹೆಚ್ಚುಕಡಿಮೆ ಇದೇ ನಿಯಮ. ಕಾರಣ ಕೊಡಬೇಕಾಗಿಲ್ಲ, ಆದರೆ ಕೆಟ್ಟ ಕಾರಣ ಇರಬಾರದು. ಜನಾಂಗ, ಧರ್ಮ, ಲಿಂಗ, ಹುಟ್ಟಿದ ದೇಶ ನೋಡಿ ತೆಗೆಯೋ ಹಾಗಿಲ್ಲ. ಬಾಕಿ ಸಂಬಳ ಕೇಳಿದ್ದಕ್ಕೆ, ಕಾನೂನು ಮುರಿಯಲು ಒಪ್ಪದಿದ್ದಕ್ಕೆ ತೆಗೆಯೋ ಹಾಗಿಲ್ಲ. ಸಹೋದ್ಯೋಗಿಗಳ ಜೊತೆ ಸಂಬಳದ ಮಾತಾಡಬೇಡ ಅಂತ ಮ್ಯಾನೇಜರ್ ಹೇಳಿದರೆ ತಲೆ ಆಡಿಸಿ ಸುಮ್ಮನಿರು. ಮಾತಾಡೋದು ನಿನ್ನ ಹಕ್ಕು, ಕಾನೂನು ನಿನ್ನ ಕಡೆಗಿದೆ. ಆದರೆ ‘ವಾಕ್ ಸ್ವಾತಂತ್ರ್ಯ’ ಅಂದುಕೊಂಡು ಕಂಪನಿಯ ಚಾಟ್‌ನಲ್ಲಿ ಬಾಯಿಗೆ ಬಂದದ್ದು ಬರೀಬೇಡ. ಇಲ್ಲಿನ ಸಂವಿಧಾನದ ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ.

ಬಿಡುವ ಸ್ವಾತಂತ್ರ್ಯದ ವಿಷಯಕ್ಕೆ ಬಂದರೆ ಕ್ಯಾಲಿಫೋರ್ನಿಯಾ ನಿಜಕ್ಕೂ ಉದಾರಿ. ಬೆಂಗಳೂರಿನ ರಿಲೀವಿಂಗ್ ಲೆಟರ್ ಎಂಬ ಮೂಗುದಾರ ಇಲ್ಲಿಲ್ಲ. ಎರಡು ವಾರ ಮುಂಚೆ ಹೇಳೋದು ಮರ್ಯಾದೆ ಅಷ್ಟೇ, ಕಾನೂನಲ್ಲ. ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅನ್ನೋ ಕರಾರು ಈ ರಾಜ್ಯದಲ್ಲಿ 1872ರ ಸಂಹಿತೆಯ ಕಾಲದಿಂದ ಅಸಿಂಧು. ಎಲ್ಲಿ ಸಹಿ ಹಾಕಿದ್ದರೂ ಇಲ್ಲಿ ನಡೆಯಲ್ಲ ಅಂತ 2024ರಿಂದ ಇನ್ನೂ ಬಿಗಿ ಮಾಡಿದ್ದಾರೆ. 1957ರಲ್ಲಿ ವಿಜ್ಞಾನಿ ವಿಲಿಯಂ ಶಾಕ್ಲಿಯ ಪ್ರಯೋಗಾಲಯ ಬಿಟ್ಟು ಎಂಟು ಜನ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಕಟ್ಟಿದ್ದೂ ಇದೇ ನೆಲದಲ್ಲಿ. ಹಾಗಂತ ಕಂಪನಿಗಳು ಈ ಸ್ವಾತಂತ್ರ್ಯವನ್ನು ಪ್ರೀತಿಸುತ್ತವೆ ಅಂದುಕೊಳ್ಳಬೇಡ. ಒಬ್ಬರ ಇಂಜಿನಿಯರಿಗೆ ಇನ್ನೊಬ್ಬರು ತಾವಾಗಿ ಫೋನ್ ಮಾಡಿ ಕರೆಯಬಾರದು ಅಂತ ದೊಡ್ಡ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡಿದ್ದವು. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಆಪಲ್, ಗೂಗಲ್, ಇಂಟೆಲ್, ಅಡೋಬಿ, ಇಂಟ್ಯೂಟ್, ಪಿಕ್ಸಾರ್ ಮೇಲೆ ಮೊಕದ್ದಮೆ ಹೂಡಿ ಅದನ್ನು ನಿಲ್ಲಿಸಿತು. ಆಮೇಲೆ ಇಂಜಿನಿಯರುಗಳೇ ಹಾಕಿದ ದಾವೆಯಲ್ಲಿ ಅವುಗಳ ಪೈಕಿ ನಾಲ್ಕು ಕಂಪನಿಗಳು 41.5 ಕೋಟಿ ಡಾಲರ್ ಕೊಡಲು ಒಪ್ಪಿದವು. ಕೋರ್ಟು ಅದನ್ನು 2015ರಲ್ಲಿ ಅಂಗೀಕರಿಸಿತು. ಅಷ್ಟೂ ವರ್ಷ ಅಲ್ಲಿ ದುಡಿದವರ ಆಫರ್ ಲೆಟರ್‌ನಲ್ಲೂ ಅಟ್-ವಿಲ್ ಅಂತಲೇ ಬರೆದಿತ್ತು.

ಈಗ ನಿನ್ನ ಲೆಕ್ಕ. ನಿನ್ನದು ಎಚ್-1ಬಿ, ಕಂಪನಿ ಅರ್ಜಿ ಹಾಕಿ ಕೊಡಿಸುವ ಕೆಲಸದ ವೀಸಾ. ಕಾಗದದ ಮೇಲೆ ತಕ್ಕಡಿ ಸಮ. ನಿನ್ನ ತಟ್ಟೆಗೆ ಮಾತ್ರ 60 ದಿನದ ಕಲ್ಲು ಕಟ್ಟಿದೆ. 2017ರ ಜನವರಿಯಲ್ಲಿ ಜಾರಿಯಾದ ನಿಯಮದ ಪ್ರಕಾರ ಕೆಲಸ ಹೋದಮೇಲೆ ಹೆಚ್ಚೆಂದರೆ 60 ದಿನ, ಇಲ್ಲವೇ ಐ-94 (ಈ ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನೋ ದಾಖಲೆ) ಮುಗಿಯುವವರೆಗೆ, ಯಾವುದು ಮೊದಲೋ ಅದು. ಎಣಿಕೆ ಶುರುವಾಗೋದು ಸಾಮಾನ್ಯವಾಗಿ ಸಂಬಳ ಸಂದ ಕೊನೆಯ ದಿನದ ಮಾರನೇ ದಿನದಿಂದ. ಮಾರ್ಚ್ 3 ಕೊನೆಯ ದಿನವಾದರೆ ಮೇ 2ಕ್ಕೆ ಮುಗೀತು. ಅಷ್ಟರೊಳಗೆ ಹೊಸ ಕಂಪನಿಯ ಅರ್ಜಿ ವಲಸೆ ಇಲಾಖೆಯ ಕೈ ಸೇರಿರಬೇಕು. ವಕೀಲರ ಮೇಜಿನ ಮೇಲಿದ್ದರೆ ಸಾಲದು. ಅದಕ್ಕೂ ಮುಂಚೆ ಕಾರ್ಮಿಕ ಇಲಾಖೆಯಿಂದ ಎಲ್‌ಸಿಎ ಎಂಬ ಮಂಜೂರಾತಿ ಬರಬೇಕು, ಅದಕ್ಕೆ ಏಳು ಕೆಲಸದ ದಿನ. ವಕೀಲರು ಕಾಗದ ಕೂಡಿಸೋಕೆ ಒಂದು ವಾರ. ಅಂದರೆ ಇಂಟರ್‌ವ್ಯೂ ಎಲ್ಲ ಮುಗಿದು ಆಫರ್ ಕೈಗೆ ಬರೋಕೆ ನಿನಗೆ ಸಿಗುವುದು 40 ದಿನ ಚಿಲ್ಲರೆ. ಅಷ್ಟರಲ್ಲಿ ಆಗದಿದ್ದರೆ 60 ಮುಗಿಯುವ ಮೊದಲು ಐ-539 ಅರ್ಜಿ ಹಾಕಿ ಬಿ-2 (ಪ್ರವಾಸಿಯ ಸ್ಥಾನ) ಕೇಳುವವರಿದ್ದಾರೆ, ಹೆಂಡತಿಗೋ ಗಂಡನಿಗೋ ಎಚ್-1ಬಿ ಇದ್ದರೆ ಅವರ ಅವಲಂಬಿತರಾಗಿ ಎಚ್-4ಕ್ಕೆ ಹೋಗುವವರಿದ್ದಾರೆ. ಅದು ನೆಪಕ್ಕೊಂದು ಕೊಡೆ, ಬರೀ ಅದನ್ನೇ ಹಿಡಿದು ಕೆಲಸ ಮಾಡಲಾಗದು.

ಇದರಿಂದಲೇ, ತೆಗೆಯುವ ಮಾತು ಬಂದ ದಿನ ಕೇಳಬೇಕಾದದ್ದು ‘ಎಷ್ಟು ದುಡ್ಡು ಕೊಡುತ್ತೀರಿ’ ಅಂತ ಅಲ್ಲ. ‘ಆ ಮೊತ್ತವನ್ನು ಒಂದೇ ಸಲ ಕೊಡುವ ಬದಲು ಅಷ್ಟು ವಾರ ನನ್ನನ್ನು ಪೇರೋಲ್‌ನಲ್ಲೇ ಇಡಿ’ ಅಂತ ಕೇಳು. ಒಂದೇ ಸಲ ಬರುವ ಸೆವರೆನ್ಸ್ (ತೆಗೆದಾಗ ಕೊಡುವ ಪರಿಹಾರ) ಹಣ 60 ದಿನವನ್ನು ಒಂದು ದಿನವೂ ಬೆಳೆಸಲ್ಲ. ದೊಡ್ಡ ಮಟ್ಟದ ವಜಾ ಆದಾಗ ವಾರ್ನ್ ಕಾಯ್ದೆಯ 60 ದಿನದ ಮುನ್ಸೂಚನೆ ಇರುತ್ತಲ್ಲ, ಆಗ ಎಷ್ಟೋ ಕಂಪನಿಗಳು ಕೆಲಸ ಕೊಡದೆ ಸಂಬಳ ಮಾತ್ರ ಕೊಟ್ಟು ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ ಆ ಅವಧಿ ಮುಗಿದಮೇಲೆ ನಿನ್ನ ಎಣಿಕೆ ಶುರು. ಸೆವರೆನ್ಸ್ ಕರಾರಿಗೆ ಅಂದೇ ಸಹಿ ಹಾಕಬೇಡ. ವಕೀಲರನ್ನು ಕೇಳಲು ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ಐದು ಕೆಲಸದ ದಿನ ಕೊಡಬೇಕು. ಕೊನೆಯ ಸಂಬಳ ಮಾತ್ರ ತೆಗೆದ ದಿನವೇ ಕೈಗೆ ಬರಬೇಕು, ಉಳಿದ ರಜೆಯ ಹಣ ಸೇರಿಸಿ. ಲೆಕ್ಕವಿಲ್ಲದಷ್ಟು ರಜೆ ಅಂತ ಹೆಮ್ಮೆಯಿಂದ ಹೇಳುವ ಕಂಪನಿಗಳಲ್ಲಿ ಸಾಮಾನ್ಯವಾಗಿ ಈ ಹಣ ಸೊನ್ನೆ. ಎಚ್-1ಬಿ ಅವಧಿ ಮುಗಿಯುವ ಮುಂಚೆ ಅವರೇ ತೆಗೆದರೆ ಊರಿಗೆ ಹೋಗುವ ನಿನ್ನ ಟಿಕೆಟ್ ಖರ್ಚೂ ಅವರದೇ, ಹೆಂಡತಿ ಮಕ್ಕಳದ್ದಲ್ಲ. ಆಸ್ಪತ್ರೆ ವಿಮೆಗೆ ಕೋಬ್ರಾ ಅಂತಿದೆ, ಕಂಪನಿಯ ವಿಮೆಯನ್ನೇ ಮುಂದುವರಿಸುವ ಏರ್ಪಾಡು. ಆರಿಸಿಕೊಳ್ಳಲು 60 ದಿನ ಇರುತ್ತೆ, ಆರಿಸಿದರೆ ಹಳೇ ವಿಮೆ ನಿಂತ ದಿನದಿಂದಲೇ ಲಾಗೂ. ಪ್ರೀಮಿಯಂ ನೋಡಿ ಎದೆ ಒಡೆದುಕೊಳ್ಳಬೇಡ, ಕಂಪನಿಯ ಪಾಲೂ ಸೇರಿ ಶೇ. 102ರವರೆಗೆ ನೀನೇ ಕಟ್ಟಬೇಕು.

ನೀನಾಗಿ ಬಿಡುವುದಾದರೆ ಕ್ರಮ ಬೇರೆ. ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾದರೆ ಸಾಕು, ಅಲ್ಲಿ ಕೆಲಸ ಶುರುಮಾಡಬಹುದು ಅಂತ 2000ದ ಕಾಯ್ದೆ ಹೇಳುತ್ತೆ. ಆದರೂ ರಸೀದಿ ಕೈಗೆ ಬರುವ ತನಕ ಈ ಕಡೆ ಬಾಯಿ ಬಿಡಬೇಡ. ‘ಮ್ಯಾನೇಜರ್ ಒಳ್ಳೆಯವರು, ನಮ್ಮ ಕಡೆಯವರೇ, ಮೊದಲೇ ಹೇಳಲೇ?’ ಅಂತ ಅನ್ನಿಸುತ್ತೆ. ಬೇಡ. ಹೇಳಿದ ದಿನವೇ ಬ್ಯಾಡ್ಜ್ ಇಸ್ಕೊಂಡು ಬಾಗಿಲವರೆಗೆ ಬಿಟ್ಟುಬರುವ ರೂಢಿ ಇಲ್ಲಿದೆ, ಅದರಲ್ಲಿ ದ್ವೇಷವೇನೂ ಇರಲ್ಲ. ಆತುರ ಇಲ್ಲದಿದ್ದರೆ ಪ್ರೀಮಿಯಂ ಪ್ರೊಸೆಸಿಂಗ್‌ನ (ಹೆಚ್ಚಿನ ಫೀಸಿಗೆ ಬೇಗ ತೀರ್ಮಾನ) 15 ಕೆಲಸದ ದಿನ ಕಾದು, ಅಪ್ರೂವಲ್ ನೋಡಿಯೇ ಹೊರಡು.

ಗ್ರೀನ್ ಕಾರ್ಡಿನ ಮಾತು ಬಂದಾಗ ಮರೆಯದಿರಬೇಕಾದ ಸಂಖ್ಯೆ 180. ಐ-140, ಅಂದರೆ ನಿನ್ನ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಮಂಜೂರಾಗಿ 180 ದಿನ ಕಳೆದರೆ, ಆಮೇಲೆ ಕಂಪನಿ ಹಿಂತೆಗೆದುಕೊಂಡರೂ ಅದು ಆ ಕಾರಣಕ್ಕೆ ರದ್ದಾಗಲ್ಲ. ಎಚ್-1ಬಿಯ ಆರು ವರ್ಷದ ಮಿತಿ ದಾಟಿದ ಮೇಲೂ ಅದರ ಆಧಾರದಲ್ಲಿ ಮೂರು ಮೂರು ವರ್ಷ ಎಚ್-1ಬಿ ಬೆಳೆಸಬಹುದು. ಐ-140ರ ನೋಟಿಸು ಕಂಪನಿಯ ಸ್ವತ್ತು ಅಂತ ಕೊಡದವರೂ ಇದ್ದಾರೆ, ಕೊನೇಪಕ್ಷ ರಸೀದಿ ನಂಬರ್ ಬರೆದಿಟ್ಟುಕೋ. ಇನ್ನೊಂದನ್ನು ಈಗಲೇ ಮಾಡು, ಬೆಂಗಳೂರಿನ ಹಳೇ ಕಂಪನಿಯಲ್ಲಿ ನಿನ್ನ ಪರಿಚಯದವರು ಇರುವಾಗಲೇ: ಅನುಭವ ಪತ್ರ. ರಿಲೀವಿಂಗ್ ಲೆಟರ್ ಸಾಲಲ್ಲ. ಲೆಟರ್‌ಹೆಡ್ ಮೇಲೆ ಯಾವ ತಾರೀಖಿನಿಂದ ಯಾವ ತಾರೀಖಿಗೆ, ಪೂರ್ಣಾವಧಿ, ಹುದ್ದೆ, ಮಾಡಿದ ಕೆಲಸದ ವಿವರ, ಸಹಿ ಹಾಕಿದವರ ಹೆಸರು, ಹುದ್ದೆ, ವಿಳಾಸ ಇಷ್ಟೂ ಇರಬೇಕು. ಐದು ವರ್ಷ ಬಿಟ್ಟು ಕೇಳಿದರೆ ಎಚ್‌ಆರ್‌ನವರಿಗೆ ನೀನು ಯಾರೋ.

ಇಷ್ಟು ಹೇಳಿದ್ದು ಕಂಪನಿ ನಿನ್ನಿಂದ ಕಿತ್ತುಕೊಳ್ಳಬಹುದಾದದ್ದರ ಬಗ್ಗೆ. ನೀನೇ ಕೈಯಾರೆ ಬರೆದುಕೊಡುವುದು ಒಂದಿದೆ, ಅದು ಸೋಮವಾರ ಮೇಜಿನ ಮೇಲೆ ಬರುತ್ತೆ. ಆಫರ್ ಲೆಟರ್‌ಗೆ ಬೆಂಗಳೂರಿನಲ್ಲೇ ಸಹಿ ಹಾಕಿ ಕಳಿಸಿದ್ದೀಯ. ಇದು ಬೇರೆ ಕಾಗದ. ಪಿಐಐಎ ಅಂತಲೋ ಇನ್ವೆನ್ಷನ್ ಅಸೈನ್‌ಮೆಂಟ್ ಅಂತಲೋ ಹೆಸರು ಇರುತ್ತೆ. ಕೆಲಸದಲ್ಲಿರುವಾಗ ನೀನು ಹುಟ್ಟುಹಾಕಿದ್ದೆಲ್ಲ ಕಂಪನಿಯದು ಅನ್ನೋದು ಅದರ ಸಾರ. ಕೊನೆಯಲ್ಲಿ ಎಕ್ಸಿಬಿಟ್ ಎ ಅಂತ ಒಂದು ಹಾಳೆ, ‘ಸೇರುವ ಮೊದಲೇ ನನ್ನದಾಗಿದ್ದವು’ ಅಂತ ಬರೆಯಲು ನಾಲ್ಕು ಗೆರೆ, ಪಕ್ಕದಲ್ಲಿ ‘ಯಾವುದೂ ಇಲ್ಲ’ ಅಂತ ಒಂದು ಚೌಕ. ಖಾಲಿ ಬಿಟ್ಟರೆ ಯಾವುದೂ ಇಲ್ಲ ಎಂದೇ ಅರ್ಥ ಅಂತ ಎಷ್ಟೋ ಕರಾರುಗಳಲ್ಲಿ ಬರೆದೇ ಇರುತ್ತೆ. ಬಂದ ಹೊಸತರಲ್ಲಿ ನಾನು ಆ ಚೌಕಕ್ಕೆ ಟಿಕ್ ಹಾಕಿದವನು. ಊರಲ್ಲಿ ಬರೆದು ತಂದಿದ್ದ ನಿಘಂಟಿನ ಪ್ರೋಗ್ರಾಮನ್ನು ಆಮೇಲೆ ತೆರೆಯೋ ಧೈರ್ಯ ಆಗಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಅದೇ ಇನ್ನೂ ಕೊರೆಯೋದು.

ನೀನು ಬರೆಯಬೇಕಾದದ್ದು ಹೀಗೆ: ಆ್ಯಪ್‌ನ ಹೆಸರು, ಮೊದಲ ಆವೃತ್ತಿ ಹೊರಬಂದ ತಾರೀಖು, ಏನು ಮಾಡುತ್ತೆ ಅಂತ ಒಂದೇ ಸಾಲು (‘ಕೆ.ಪಿ. ರಾವ್ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವ ಆಂಡ್ರಾಯ್ಡ್ ಕೀಬೋರ್ಡ್’ ಅಂದರೆ ಸಾಕು), ಕೋಡ್ ಇರುವ ವಿಳಾಸ, ಲೈಸೆನ್ಸ್, ಸಹಿಗೆ ಮುಂಚಿನ ಕೊನೆಯ ಕಮಿಟ್ ಸಂಖ್ಯೆ (ಕೋಡಿನ ಆ ಹೊತ್ತಿನ ರೂಪದ ಗುರುತು), ಜೊತೆಗೆ ಬರೆದವರಿದ್ದರೆ ಅದೂ. ಕೋಡ್ ಲಗತ್ತಿಸಬೇಡ, ಗುಟ್ಟಿನದ್ದೇನೂ ವಿವರಿಸಬೇಡ. ನಾಲ್ಕು ಗೆರೆ ಸಾಲದಿದ್ದರೆ ಇನ್ನೊಂದು ಹಾಳೆ ಸೇರಿಸು. ಇ-ಸಹಿಯ ಪುಟದಲ್ಲಿ ಎಷ್ಟೋ ಸಲ ಈ ಜಾಗ ಕಣ್ಣಿಗೇ ಬೀಳಲ್ಲ, ‘ಮುಂದೆ, ಮುಂದೆ’ ಒತ್ತುತ್ತಾ ಹೋದರೆ ದಾಟಿಹೋಗಿರುತ್ತೆ. ಸಹಿಯಾದ ಪ್ರತಿಯನ್ನು ಅಂದೇ ಕೇಳಿ ಮನೆಯಲ್ಲಿಟ್ಟುಕೋ. ಸಹಿ ಹಾಕಿದ ಕಾಗದದ ಪ್ರತಿ ಕೇಳೋದು ಈ ರಾಜ್ಯದಲ್ಲಿ ನಿನ್ನ ಹಕ್ಕು.

ಈ ಪಟ್ಟಿ ಕಾಪಾಡೋದು ಸೋಮವಾರದ ತನಕದ ಕೋಡನ್ನು ಮಾತ್ರ. ಆಮೇಲೆ ಬರೆದದ್ದಕ್ಕೆ ಕಾರ್ಮಿಕ ಸಂಹಿತೆಯ 2870ನೇ ಕಲಮು ಇದೆ. ಪೂರ್ತಿ ನಿನ್ನ ಸಮಯ. ಕಂಪನಿಯ ಸಾಧನ, ಜಾಗ, ಗುಟ್ಟು ಯಾವುದನ್ನೂ ಬಳಸಿರಬಾರದು. ಕಂಪನಿಯ ವ್ಯವಹಾರಕ್ಕೋ ಸಂಶೋಧನೆಗೋ ಸಂಬಂಧಪಟ್ಟಿರಬಾರದು. ಅಲ್ಲಿ ಮಾಡಿದ ಕೆಲಸದಿಂದ ಹುಟ್ಟಿರಬಾರದು. ಇಷ್ಟಾದರೆ ಅದು ನಿನ್ನದೇ, ಕರಾರು ಏನೇ ಹೇಳಲಿ. ಸಾಬೀತು ಮಾಡುವ ಹೊರೆ ಮಾತ್ರ ನಿನ್ನ ಮೇಲೆ. ಜನ ಎಡವೋದು ಸಣ್ಣ ಕಡೆ. ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಬಿದ್ದ ಒಂದು ಕಮಿಟ್. ಆಫೀಸಿನ ಲ್ಯಾಪ್‌ಟಾಪಿನಲ್ಲಿ ‘ಒಂದೇ ಒಂದು ಸಾಲು’ ತಿದ್ದಿದ್ದು. ಅಲ್ಲಿ ಗಿಟ್‌ಗೆ (ಕೋಡಿನ ಬದಲಾವಣೆ ದಾಖಲಿಸುವ ಸಾಧನಕ್ಕೆ) ಆಫೀಸಿನ ಇಮೇಲ್ ಕೊಟ್ಟಿರುತ್ತಾರೆ, ಕಮಿಟ್‌ನ ಕೆಳಗೆ ಅದೇ ಹೆಸರು ಕೂತುಬಿಡುತ್ತೆ, ಎಲ್ಲರಿಗೂ ಕಾಣೋ ಹಾಗೆ, ಎಂದೆಂದಿಗೂ. ಕಂಪನಿ ದುಡ್ಡು ಕಟ್ಟಿದ ಎಐ ಸಹಾಯಕನಿಂದ ಬರೆಸಿದ ಫಂಕ್ಷನ್ ಕೂಡ ‘ಕಂಪನಿಯ ಸಾಧನ’ ಅನ್ನಿಸಿಕೊಳ್ಳಬಹುದು.

ಎಲ್ಲಕ್ಕಿಂತ ಜಾರುಬಂಡೆ ‘ಸಂಬಂಧಪಟ್ಟ’ ಅನ್ನೋ ಪದ. ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡೋ ಕಂಪನಿಗೂ ಕೀಬೋರ್ಡಿಗೂ ಏನು ಸಂಬಂಧ? ಆದರೆ ಫೋನು, ಹುಡುಕಾಟ, ಭಾಷಾ ಮಾದರಿ ಎಲ್ಲಕ್ಕೂ ಕೈಹಾಕಿದ ಕಂಪನಿಗೆ ಸಂಬಂಧವಿಲ್ಲದ್ದು ಯಾವುದು? ನೀನು ಸೇರುತ್ತಿರೋದು ಎರಡನೇ ಬಗೆಯದು. ಅದಕ್ಕೇ ಕಲಮನ್ನು ನಂಬಿ ಕೂರಬೇಡ, ಬರಹದಲ್ಲಿ ಅನುಮತಿ ತಗೋ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಒಂದು ಫಾರ್ಮು, ಓಪನ್ ಸೋರ್ಸ್ ನೋಡಿಕೊಳ್ಳುವ ಒಂದು ತಂಡ ಇರುತ್ತೆ. ಸಹಿಗೆ ಮುಂಚೆಯೇ ನೇಮಕಾತಿಯವರಿಗೆ ಎರಡು ಸಾಲಿನ ಇಮೇಲ್ ಹಾಕು. ಮೊದಲ ಸಂಬಳ ಬಂದಮೇಲೆ ಕೇಳುವುದಕ್ಕಿಂತ ಆಗ ಉತ್ತರ ಬೇಗ ಬರುತ್ತೆ. ಒಪ್ಪಿಗೆ ಬಂದರೆ ಪಿಡಿಎಫ್ ಮಾಡಿ ಮನೆಯ ಕಂಪ್ಯೂಟರಿನಲ್ಲಿಡು.

ಆ್ಯಪ್‌ನಲ್ಲಿ ಜಾಹೀರಾತು ಇದ್ದರೆ ತೆಗೆ, ‘ಒಂದು ಕಾಫಿ ಕೊಡಿಸಿ’ ಬಟನ್ನೂ ತೆಗೆ. ಎಚ್-1ಬಿ ಮೇಲೆ ನೀನು ದುಡಿಯಬಹುದಾದದ್ದು ಅರ್ಜಿ ಹಾಕಿದ ಕಂಪನಿಗೆ ಮಾತ್ರ. ಸಂಬಳವಿಲ್ಲದ ಹವ್ಯಾಸ ಒಂದು, ಆದಾಯ ಬರುವ ಆ್ಯಪ್ ಇನ್ನೊಂದು. ಹಣ ಬರಲೇಬೇಕು ಅಂದರೆ ವಲಸೆ ವಕೀಲರಿಗೆ ಒಂದು ಗಂಟೆಯ ಫೀಸು ಕೊಟ್ಟು ಕೇಳು, ನನ್ನನ್ನೋ ಕನ್ನಡ ಕೂಟದ ಹಿರಿಯರನ್ನೋ ಅಲ್ಲ.

ಉಳಿತಾಯ ಎಷ್ಟಿರಬೇಕು ಅಂತಲೂ ಕೇಳಿದ್ದೀಯ. ಆರು ತಿಂಗಳ ಬಾಡಿಗೆ, ಊರಿನ ಸಾಲದ ಆರು ಕಂತು, ಎಲ್ಲರ ಟಿಕೆಟ್. ಕಾರು ಆಮೇಲೆ.

ಇವತ್ತು ಶುಕ್ರವಾರ. ಎಕ್ಸಿಬಿಟ್ ಎ ಬರೆದು ನನಗೊಂದು ಪ್ರತಿ ಕಳಿಸು, ಕಣ್ಣಾಡಿಸುತ್ತೇನೆ. ನಿನ್ನ ಕೀಬೋರ್ಡಿನಲ್ಲಿ ಹಳಗನ್ನಡದ ಱ ಇನ್ನೂ ಮೂಡುತ್ತಿಲ್ಲ. ಅದನ್ನು ಭಾನುವಾರದೊಳಗೆ ಸರಿಮಾಡಿದರೆ ಪಟ್ಟಿಯ ಆ ಕಮಿಟ್ ಸಂಖ್ಯೆಯೊಳಗೇ ಸೇರಿಕೊಳ್ಳುತ್ತೆ.