ವಿಸಿಟ್ ವೀಸಾದಲ್ಲಿ ಸ್ಟೇಡಿಯಂ ಕೆಲಸಕ್ಕೆ ಕಳಿಸಬಹುದಾ?

ಪ್ರಶ್ನೆ: ನನ್ನ ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಕಂಬಿ ಕಟ್ಟುವ ಕೆಲಸ ಮಾಡುತ್ತಾನೆ. 2034ರ ಫುಟ್‌ಬಾಲ್ ವಿಶ್ವಕಪ್‌ಗೆ ಸೌದಿಯಲ್ಲಿ ಸ್ಟೇಡಿಯಂ ಕಟ್ಟುವ ಕೆಲಸ ಇದೆ, ಒಂದೂವರೆ ಲಕ್ಷ ಕೊಡಿ, ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಾಯಿಸೋಣ ಅಂತ ಮೈಸೂರಿನ ಏಜೆಂಟ್ ಹೇಳುತ್ತಿದ್ದಾರೆ. ಒಡವೆ ಅಡ ಇಟ್ಟು ದುಡ್ಡು ಹೊಂದಿಸಲಾ?
– ಓದುಗರು, ಮದ್ದೂರು

ಉತ್ತರ: ದಯವಿಟ್ಟು ಒಡವೆ ಅಡ ಇಡಬೇಡಿ. ನಿಮ್ಮ ತಮ್ಮ ಸಿಕ್ಕಿಹಾಕಿಕೊಳ್ಳುವುದು ಅಲ್ಲಿಗೆ ಹೋದ ಮೇಲಲ್ಲ, ಈ ಸಾಲ ಮಾಡಿದ ದಿನವೇ.

ಕತಾರ್‌ನಲ್ಲಿ 2022ರ ವಿಶ್ವಕಪ್‌ಗೆ ಮುಂಚೆ ಆಗಿದ್ದೂ ಇದೇ. ಏಜೆಂಟರಿಗೆ ಸಾಲ ಮಾಡಿ ದುಡ್ಡು ಕೊಟ್ಟು ಹೋದ ಎಷ್ಟೋ ಜನರಿಗೆ ಅಲ್ಲಿ ಸಿಕ್ಕಿದ್ದು ಹೇಳಿದ್ದಕ್ಕಿಂತ ಕಡಿಮೆ ಸಂಬಳ. ಬೇಡ ಅಂತ ವಾಪಸ್ ಬರೋಣ ಅಂದರೆ ಊರಲ್ಲಿ ಬಡ್ಡಿ ಬೆಳೆಯುತ್ತಿರುತ್ತದೆ. ಜೊತೆಗೆ ಕಫಾಲಾ ಪದ್ಧತಿ: ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬಿಡುವಂತಿರಲಿಲ್ಲ. 2020ರಲ್ಲಿ ಕತಾರ್ ಆ ನಿಯಮ ತೆಗೆಯಿತು. ಮರುವರ್ಷ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನವೂ ಜಾರಿಗೆ ಬಂತು. ಆದರೂ ಸಂಬಳ ಬಾಕಿಯ ದೂರು ನಿಲ್ಲಲಿಲ್ಲ. ನನಗೆ ಜಾಸ್ತಿ ಸಂಕಟ ಆಗುವುದು ಸಾವಿನ ವಿಷಯದಲ್ಲಿ. ಬಿಸಿಲಲ್ಲಿ ದುಡಿದ ವಯಸ್ಸಿನ ಹುಡುಗರು ರಾತ್ರಿ ಮಲಗಿದವರು ಏಳಲಿಲ್ಲ. ಎಷ್ಟೋ ಸಲ ಪೋಸ್ಟ್‌ಮಾರ್ಟಂ ಕೂಡ ಮಾಡದೆ 'ಸಹಜ ಸಾವು' ಅಂತ ಬರೆದರು. ಹಾಗೆ ಬರೆದ ಮೇಲೆ ಮನೆಯವರಿಗೆ ಪರಿಹಾರ ಎಲ್ಲಿಂದ ಬರಬೇಕು?

ಸೌದಿಯೂ 2021ರಲ್ಲಿ ಕಫಾಲಾ ಸಡಿಲಿಸಿದೆ. ಬೇಸಿಗೆಯಲ್ಲಿ, ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಆದರೆ ವಿಸಿಟ್ ವೀಸಾದಲ್ಲಿ ಹೋದವನು ಈ ಕಾನೂನು ಹಿಡಿದು ಕೇಳುವುದು ಹೇಗೆ? ಕೆಲಸ ಮಾಡುತ್ತಾ ಸಿಕ್ಕಿಬಿದ್ದರೆ ತಪ್ಪಿತಸ್ಥ ಅವನೇ ಆಗುತ್ತಾನೆ.

ಇನ್ನೊಂದು ವಿಷಯ. ಹತ್ತನೇ ತರಗತಿ ಪಾಸಾದವರಿಗೆ ಸೌದಿಗೆ ಹೋಗಲು ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ವಿದೇಶಕ್ಕೆ ಕೆಲಸಕ್ಕೆ ಹೋಗುವ ಅನುಮತಿ, ಬೇಕಿಲ್ಲ. ಅನುಕೂಲ ಅನ್ನಿಸಬಹುದು, ಆದರೆ ಹೊರಡುವ ಮುಂಚೆ ಅವನ ಕಾಗದಪತ್ರ ನೋಡುವವರೂ ಇರುವುದಿಲ್ಲ. ಆ ಕೆಲಸ ನೀವೇ ಮಾಡಬೇಕು. ಏಜೆಂಟರ ನೋಂದಣಿ ಸಂಖ್ಯೆ ಕೇಳಿ, ವಿದೇಶದ ಕೆಲಸಕ್ಕೆ ಹೋಗುವವರಿಗಾಗಿ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಒಂದೂವರೆ ಲಕ್ಷ ಕೇಳಿದ್ದೇ ಅವರ ಬಂಡವಾಳ ಹೇಳುತ್ತದೆ, ಅಲ್ವಾ?

ಕೆಲಸದ ವೀಸಾ, ಸಂಬಳ, ಊಟ, ವಸತಿ, ವಾಪಸ್ ಟಿಕೆಟ್ ಎಲ್ಲಾ ಬರೆದ ಕರಾರುಪತ್ರ ಕೈಗೆ ಬಂದ ಮೇಲೆ ಹೋಗುವ ಮಾತು. ಅದರ ಒಂದು ಜೆರಾಕ್ಸ್ ನಿಮ್ಮ ಮನೆಯಲ್ಲಿರಲಿ. ಈಗಾಗಲೇ ಮುಂಗಡ ಕೊಟ್ಟಿದ್ದರೆ, ಏಜೆಂಟ್ ಜೊತೆ ಆಡಿದ ವಾಟ್ಸಾಪ್ ಮಾತು ಅಳಿಸಬೇಡಿ. ಅದನ್ನೂ ಹಣ ಕಳಿಸಿದ ದಾಖಲೆಯನ್ನೂ ಇಟ್ಟು ಪೊಲೀಸ್ ಠಾಣೆಗೆ ದೂರು ಕೊಡಿ. ವಿದೇಶಕ್ಕೆ ದುಡಿಯಲು ಹೋಗುವವರ ಹಿತ ನೋಡುವ ಕೇಂದ್ರ ಸರ್ಕಾರದ ಕಚೇರಿ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ಬೆಂಗಳೂರಿನಲ್ಲಿದೆ; ಅಲ್ಲಿಗೂ ಒಂದು ಪ್ರತಿ ಕಳಿಸಿ.