ಹಿಮಕ್ಕೆ, ಕಲ್ಲುದಾರಿಗೆ ಯಾವ ಪಿಕಪ್? ಮೊದಲು ಹಿಂದಿನ ಆಕ್ಸೆಲ್ ನೋಡಿ

ನೀವು ಕೇಳಿದ್ದು ಇಷ್ಟು: ಡೆನ್ವರ್‌ಗೆ ಹೊಸದಾಗಿ ಬಂದಿದ್ದೀರಿ. ಚಳಿಗಾಲದಲ್ಲಿ ಸ್ಕೀಯಿಂಗ್, ಬೇಸಿಗೆಯಲ್ಲಿ ಕ್ಯಾಂಪಿಂಗ್, ವರ್ಷಕ್ಕೊಂದು ಸಲ ಯೂಟಾದ ಬಂಡೆನಾಡು ಮೋಆಬ್. ಫೋರ್ಡ್ ಎಫ್-150, ಶೆವ್ರೊಲೆ ಸಿಲ್ವರಾಡೋ 1500, ರ್‍ಯಾಮ್ 1500, ಟೊಯೊಟಾ ಟಂಡ್ರಾ ಈ ನಾಲ್ಕರಲ್ಲಿ ಗ್ರಿಪ್ ಯಾವುದಕ್ಕೆ ಜಾಸ್ತಿ, ಆಫ್‌ರೋಡಿಗೆ ಯಾವುದು ವಾಸಿ?

ನಾನು ಕೊಲರಾಡೋದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈಗ ಓಡಿಸುತ್ತಿರುವುದು ಎರಡನೇ ಪಿಕಪ್. ಅದು ಯಾವ ಕಂಪನಿಯದು ಅಂತ ಹೇಳಲ್ಲ. ಹೇಳಿದರೆ ಮುಂದೆ ಬರೆಯುವುದೆಲ್ಲ ಪಕ್ಷಪಾತ ಅನ್ನಿಸುತ್ತದೆ.

ಕಂಪನಿ ನೋಡಿ ತೀರ್ಮಾನ ಮಾಡಬೇಡಿ, ಟ್ರಿಮ್ ನೋಡಿ, ಅಂದರೆ ಒಂದೇ ಗಾಡಿಯ ಯಾವ ಆವೃತ್ತಿ ಅಂತ. ಸಿಲ್ವರಾಡೋವನ್ನೇ ತಗೊಳ್ಳಿ. 4x4 ಅಂತ ಬರೆದಿದ್ದರೂ 4ಎಲ್, ಅಂದರೆ ನಿಧಾನವಾಗಿ ಜೋರಾಗಿ ಎಳೆಯುವ ಲೋ ಗೇರೇ ಇಲ್ಲದ ಗಾಡಿಗಳು ಅದರಲ್ಲಿವೆ. ಅದೇ ಹೆಸರಿನಲ್ಲಿ ಹಿಂದೆ, ಮುಂದೆ ಎರಡೂ ಕಡೆ ಲಾಕರ್ ಇರುವ ಜೆಡ್‌ಆರ್2 ಕೂಡ ಇದೆ. ಅವೆರಡರ ನಡುವಿನ ವ್ಯತ್ಯಾಸ ಫೋರ್ಡ್‌ಗೂ ಶೆವ್ರೊಲೆಗೂ ಇರುವ ವ್ಯತ್ಯಾಸಕ್ಕಿಂತ ದೊಡ್ಡದು.

ಲಾಕರ್ ಅಂದರೇನು ಅನ್ನೋದು ಊರಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ. ಮಂಡ್ಯದ ಕಡೆ ನಮ್ಮ ಚಿಕ್ಕಪ್ಪ ಕಬ್ಬಿನ ಲೋಡ್ ಎಳೆಯುವಾಗ ಒಂದು ಚಕ್ರ ಕಾಲುವೆ ಬದಿಯ ಕೆಸರಿಗೆ ಇಳಿದರೆ ಅದೊಂದೇ ಗಿರಗಿರ ತಿರುಗುತ್ತಿತ್ತು. ಗಟ್ಟಿ ನೆಲದ ಮೇಲಿದ್ದ ಇನ್ನೊಂದು ಚಕ್ರ ಸುಮ್ನೆ ನಿಂತಿರುತ್ತಿತ್ತು. ಆಗ ಅವರು ಹಿಮ್ಮಡಿಯಲ್ಲಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತುತ್ತಿದ್ದರು. ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೆ ಬರುತ್ತಿತ್ತು. ಪಿಕಪ್‌ನಲ್ಲೂ ಅದೇ ಕಥೆ. ಲಾಕ್ ಇಲ್ಲದ ಓಪನ್ ಡಿಫರೆನ್ಷಿಯಲ್ ಎರಡು ಚಕ್ರಕ್ಕೂ ಒಂದೇ ಸಮ ಬಲ ಕೊಡುತ್ತದೆ. ಜಾರುವ ಚಕ್ರ ಎಷ್ಟು ಬಲ ತಡೆದುಕೊಳ್ಳುತ್ತದೋ ಇನ್ನೊಂದಕ್ಕೂ ಸಿಗುವುದು ಅಷ್ಟೇ. 400 ಹಾರ್ಸ್‌ಪವರ್ ಇದ್ದರೂ ಅಷ್ಟೇ.

ಇದನ್ನು ನಾನು ನೋಡಿದ್ದು ನಮ್ಮ ಮನೆ ಡ್ರೈವ್‌ವೇನಲ್ಲೇ. ಡಿಸೆಂಬರ್ ಬೆಳಿಗ್ಗೆ, ಏರು ಜಾಗ. ಎಡಗಡೆ ಬೇಲಿ ನೆರಳಲ್ಲಿ ಗಾಜಿನ ಹಾಗೆ ಐಸ್, ಬಲಗಡೆ ಒಣ ಕಾಂಕ್ರೀಟ್. 2ಎಚ್‌ನಲ್ಲಿ, ಅಂದರೆ ಬರೀ ಹಿಂಚಕ್ರಕ್ಕೆ ಬಲ ಹೋಗುವಾಗ, ಆಕ್ಸಿಲರೇಟರ್ ಒತ್ತಿದರೆ ಎಡ ಹಿಂಚಕ್ರ ಸುಯ್ ಅಂತ ತಿರುಗಿತು, ಗಾಡಿ ಇದ್ದಲ್ಲೇ ಇತ್ತು. 4ಡಬ್ಲ್ಯೂಡಿ (ನಾಲ್ಕು ಚಕ್ರಕ್ಕೂ ಬಲ) ಹಾಕದೆ ಬರೀ ಲಾಕರ್ ಬಟನ್ ಒತ್ತಿದೆ. ಕೆಳಗೆ ಟಕ್ ಅಂದ ಸದ್ದು. ಗಾಡಿ ಏನೂ ಆಗಿಲ್ಲವೆಂಬಂತೆ ಹತ್ತಿತು.

ಈಗ ನಾಲ್ಕರ ವಿಷಯ. ಎಫ್-150ರ ಎಫ್‌ಎಕ್ಸ್4 ಪ್ಯಾಕೇಜ್, ರ್‍ಯಾಮ್ ರೆಬೆಲ್, ಟಂಡ್ರಾ ಟಿಆರ್‌ಡಿ ಪ್ರೋ ಮೂರರಲ್ಲೂ ಹಿಂದೆ ಎಲೆಕ್ಟ್ರಾನಿಕ್ ಲಾಕರ್ ಇದೆ. ಯಾವಾಗ ಬೇಕು ಅಂತ ನೀವೇ ಬಟನ್ ಒತ್ತಬೇಕು. ಸಿಲ್ವರಾಡೋ ಜೆಡ್71, ಟ್ರೇಲ್ ಬಾಸ್‌ಗಳಲ್ಲಿ ಬಟನ್ ಇಲ್ಲ. ಅಲ್ಲಿರುವುದು ಜಿ80 ಅನ್ನೋ ಮೆಕ್ಯಾನಿಕಲ್ ಲಾಕರ್. ಒಂದು ಚಕ್ರ ಇನ್ನೊಂದಕ್ಕಿಂತ ನಿಮಿಷಕ್ಕೆ ಸುಮಾರು 100 ಸುತ್ತು ಜಾಸ್ತಿ ತಿರುಗಿದರೆ ಅದೇ ಲಾಕ್ ಆಗುತ್ತದೆ. ಬಟನ್ ನೆನಪಿಲ್ಲದವರಿಗೆ ವರ. ಆದರೆ ಅದು ಎಚ್ಚರ ಆಗುವುದು ಚಕ್ರ ಜಾರಿದ ಮೇಲೆ. ಬಂಡೆ ಹತ್ತುವಾಗ ಜಾರುವ ಮೊದಲೇ ಲಾಕ್ ಆಗಿರಲಿ ಅನ್ನಿಸುತ್ತದೆ. ಅದಕ್ಕೆ ನನ್ನ ಓಟು ಬಟನ್‌ಗೆ.

ಮುಂದಿನ ಆಕ್ಸೆಲ್‌ನಲ್ಲೂ ಲಾಕರ್ ಬೇಕೆಂದರೆ ಈ ಗಾತ್ರದಲ್ಲಿ 2022ರಲ್ಲಿ ಬಂದ ಸಿಲ್ವರಾಡೋ ಜೆಡ್‌ಆರ್2 ಅಥವಾ ಅದರ ಜಿಎಂಸಿ ತಮ್ಮ ಎಟಿ4ಎಕ್ಸ್ ನೋಡಿ. ಜೆಡ್‌ಆರ್2ರ ಮೂತಿ ಕೆಳಗೆ ಚೆನ್ನಾಗಿ ಕತ್ತರಿಸಿದ್ದಾರೆ, ಮೂತಿ ತಾಗದೆ ಹತ್ತಬಹುದಾದ ಏರಿನ ಕೋನ, ಅಂದರೆ ಅಪ್ರೋಚ್ ಆ್ಯಂಗಲ್ 31.8 ಡಿಗ್ರಿ. ಸಾಮಾನ್ಯ ಸಿಲ್ವರಾಡೋಗೆ ಮುಂದೆ ನೇತಾಡುವ ಪ್ಲಾಸ್ಟಿಕ್ ಏರ್ ಡ್ಯಾಮ್ ಎಷ್ಟು ತಗ್ಗಿದೆಯೆಂದರೆ ಪಾರ್ಕಿಂಗ್ ಕಟ್ಟೆಗೇ ತಾಗುತ್ತದೆ. ಎಫ್-150 ರ್‍ಯಾಪ್ಟರ್ ಬೇರೆ ಜಾತಿ. ಮರಳಲ್ಲಿ ಜೋರಾಗಿ ಹಾರಿಸೋಕೆ ಮಾಡಿದ್ದು. 35 ಇಂಚಿನ ಟೈರ್, ಬೇಕಾದರೆ 37. ಅಗಲ ಏಳು ಅಡಿಗಿಂತ ಜಾಸ್ತಿ. ಮರಗಳ ಮಧ್ಯದ ಇಕ್ಕಟ್ಟು ದಾರಿಯಲ್ಲಿ ಅಷ್ಟಗಲದ ಗಾಡಿ ನನಗಂತೂ ಬೇಡ.

ನಿಮಗೆ ಹೆಚ್ಚು ದಿನ ಎದುರಾಗುವುದು ಬಂಡೆಯಲ್ಲ, ಐ-70 ಹೈವೇ. ಒಂದು ತಿರುವಲ್ಲಿ ಹಿಮ, ಮುಂದಿನದರಲ್ಲಿ ಒಣ ರಸ್ತೆ. ಇಲ್ಲಿ ಡಯಲ್‌ನಲ್ಲಿ 4ಎ, ಅಂದರೆ ಆಟೋ, ಇದೆಯಾ ಅನ್ನೋದು ಮುಖ್ಯ. 4ಎಚ್‌ನಲ್ಲಿ ಮುಂದಿನ, ಹಿಂದಿನ ಆಕ್ಸೆಲ್ ಒಂದಕ್ಕೊಂದು ಬಿಗಿಯಾಗಿ ಜೋಡಿಸಿರುತ್ತವೆ. ಒಣ ರಸ್ತೆಯಲ್ಲಿ ತಿರುಗಿಸಿದರೆ ಗಾಡಿ ಹಿಡಿದು ಎಳೆದ ಹಾಗೆ ಕುಪ್ಪಳಿಸುತ್ತದೆ, ಗೇರಿಗೂ ಏಟು. 4ಎ ಇದ್ದರೆ ಆ ಚಿಂತೆ ಇಲ್ಲ. ಜೆಡ್71, ಟ್ರೇಲ್ ಬಾಸ್‌ನಲ್ಲಿ ಇದು ಸಿಗುತ್ತದೆ. ಫೋರ್ಡ್, ರ್‍ಯಾಮ್‌ಗಳಲ್ಲಿ ಇದು ಟ್ರಿಮ್ ಮೇಲೆ ನಿಂತಿದೆ. ಟಂಡ್ರಾದಲ್ಲಿ ಇಲ್ಲ. ಟಂಡ್ರಾ ನನಗಿಷ್ಟವಾದರೂ ನಿಮ್ಮ ಪಟ್ಟಿಯಲ್ಲಿ ಅದನ್ನು ಕೆಳಗಿಡುವುದು ಇದೊಂದೇ ಕಾರಣಕ್ಕೆ.

ಇಷ್ಟೆಲ್ಲ ಇದ್ದರೂ ಬ್ರೇಕ್ ಹಾಕುವಾಗ 4ಡಬ್ಲ್ಯೂಡಿ ಯಾವ ಸಹಾಯಕ್ಕೂ ಬರಲ್ಲ. ಎರಡು ಟನ್‌ಗಿಂತ ಜಾಸ್ತಿ ತೂಕ ನಿಲ್ಲಿಸುವುದು ಟೈರ್ ಮಾತ್ರ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇರುವ ಟೈರ್ ತಗೊಳ್ಳಿ. ಡೊಟ್ಸೆರೋದಿಂದ ಮಾರಿಸನ್‌ವರೆಗಿನ ಐ-70ಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟ್ರ್ಯಾಕ್ಷನ್ ಕಾನೂನು ಇರುತ್ತದೆ. 4x4 ಆದರೂ ಟೈರಿನ ತೋಡು ಇಂಚಿನ 16ರಲ್ಲಿ 3 ಭಾಗವಾದರೂ ಆಳ ಇರಬೇಕು. ಇನ್ನೊಂದು, ಖಾಲಿ ಪಿಕಪ್‌ನ ಹಿಂಭಾಗ ಹಗುರ. ಚಳಿಗಾಲದಲ್ಲಿ ಹಿಂದಿನ ಆಕ್ಸೆಲ್ ಮೇಲೆ ನಾಲ್ಕು ಮರಳಿನ ಚೀಲ ಇಟ್ಟು ಕಟ್ಟಿಬಿಡಿ. ಇಲ್ಲಿನ ಹಳಬರೆಲ್ಲ ಮಾಡುವುದು ಅದನ್ನೇ.

ಮೋಆಬ್‌ನ ಬಂಡೆಗೆ ಸ್ಲಿಕ್‌ರಾಕ್, ಅಂದರೆ ಜಾರುವ ಬಂಡೆ, ಅನ್ನುತ್ತಾರೆ. ಆದರೆ ಜಾರಿದ್ದು ಕುದುರೆಗಳ ಕಬ್ಬಿಣದ ಲಾಳ. ಒಣಗಿದ್ದರೆ ರಬ್ಬರ್ ಉಪ್ಪುಕಾಗದದ ಮೇಲೆ ಕೂತ ಹಾಗೆ ಕೂರುತ್ತದೆ. ಅಲ್ಲಿ ಕಷ್ಟ ಗ್ರಿಪ್‌ದಲ್ಲ, ಉದ್ದದ್ದು. ನಾಲ್ಕು ಬಾಗಿಲಿನ ಕ್ರೂ ಕ್ಯಾಬ್‌ಗಳ ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ, ಎಲ್ಲದರದ್ದೂ 145 ಇಂಚಿನ ಆಸುಪಾಸು. ಎರಡು ಬಾಗಿಲಿನ ಜೀಪ್ ರ್‍ಯಾಂಗ್ಲರ್‌ದು 97ರ ಹತ್ತಿರ. ಜೀಪ್ ದಾಟುವ ದಿಣ್ಣೆಯಲ್ಲಿ ನಿಮ್ಮ ಹೊಟ್ಟೆ ತಾಗುತ್ತದೆ, ಯಾವ ಕಂಪನಿ ಆದರೂ. ರ್‍ಯಾಮ್‌ಗೆ ಏರ್ ಸಸ್ಪೆನ್ಷನ್ ಹಾಕಿಸಿಕೊಂಡರೆ ಗಾಡಿ ಎತ್ತರಿಸಬಹುದು. ಅದು ಇಲ್ಲದಿದ್ದರೂ ಹಿಂದೆ ಪಟ್ಟಿ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್, ಹಳ್ಳಕೊಳ್ಳದಲ್ಲಿ ಕುಲುಕು ಕಮ್ಮಿ.

ನಾನು ನಿಮ್ಮ ಜಾಗದಲ್ಲಿದ್ದರೆ 4ಎ, ಬಟನ್ ಲಾಕರ್ ಎರಡೂ ಇರುವ ಎಫ್-150 ಅಥವಾ ರ್‍ಯಾಮ್ ಹುಡುಕಿ, ಉಳಿದ ದುಡ್ಡನ್ನು ಟೈರಿಗೆ ಹಾಕುತ್ತಿದ್ದೆ. ಬಂಡೆ ಹುಚ್ಚು ಹಿಡಿದರೆ ಆಮೇಲೆ ಜೆಡ್‌ಆರ್2 ಇದ್ದೇ ಇದೆ.

ಮೋಆಬ್ ಹತ್ತಿರದ ಜೇಡಿಮಣ್ಣಿನ ದಾರಿಗೆ ಮಾತ್ರ ಮಳೆಯಲ್ಲಿ ಇಳಿಯಬೇಡಿ. ಒಂದು ಮಾರ್ಚ್‌ನಲ್ಲಿ ನಾನು ಇಳಿದೆ. ನೂರು ಅಡಿ ಹೋಗುವಷ್ಟರಲ್ಲಿ ಟೈರಿನ ತೋಡೆಲ್ಲ ತುಂಬಿ, ನಾಲ್ಕು ಚಕ್ರವೂ ರಾಗಿಮುದ್ದೆ ಉಂಡೆ ಕಟ್ಟಿದ ಹಾಗೆ ನುಣ್ಣಗಾದವು. 4ಎಲ್ ಹಾಕಿದೆ, ಲಾಕರ್ ಹಾಕಿದೆ. ಗಾಡಿ ಮುಂದೆ ಹೋಗುವ ಬದಲು ಅಡ್ಡಡ್ಡ ಜಾರಿ ಚರಂಡಿ ಕಡೆ ಹೊರಟಿತು. ಇಂಜಿನ್ ಆಫ್ ಮಾಡಿ ಹೆಂಡತಿ ಜತೆ ಒಳಗೇ ಮಲಗಿದೆ. ರಾತ್ರಿ ಚಳಿಗೆ ಮಣ್ಣು ಹೆಪ್ಪುಗಟ್ಟಿತು. ಬೆಳಿಗ್ಗೆ ಆರಕ್ಕೆ, ಬಿಸಿಲು ಬೀಳುವ ಮೊದಲು, ಬರೀ 4ಎಚ್‌ನಲ್ಲಿ ಸಿಮೆಂಟ್ ರಸ್ತೆ ಮೇಲೆ ಬಂದ ಹಾಗೆ ವಾಪಸ್ ಬಂದೆವು.